ಕಾಗದದಾಗ 2.6 ಕೋಟಿ ಬ್ಯಾರಲ್ ಐತಿ, ಕೈಗೆ ಎಷ್ಟು ಬರತೈತಿ?

ಗಾಣದಮನಿ_ಗದಗ · ಶನಿವಾರ ರಾತ್ರಿ 8:40

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮನ್ಯಾಗ ಕುಸುಬಿ ಎಣ್ಣಿ ಗಾಣ ಐತಿ, ಎಣ್ಣಿ ಅಂದ್ರ ನನಗ ಗೊತ್ತಿರೋದು ಅದೊಂದ. ಈಗ ಗಂಟುಬಿದ್ದಿರೋದು ನೆಲದಾಗಿನ ಎಣ್ಣಿ.

ನಮ್ಮ ಕಾಕಾ ಈ ಸಲ ಹತ್ತಿ ಮಾರಿದ ರೊಕ್ಕದಾಗ ನಾಕು ಲಕ್ಷ ಎತ್ತಿಟ್ಟಾರ. ಹುಬ್ಬಳ್ಳಿಯಿಂದ ಒಬ್ಬ ಏಜೆಂಟ್ ಬಂದು ಬಣ್ಣಬಣ್ಣದ ಪುಸ್ತಕ ಕೊಟ್ಟು ಹೋಗ್ಯಾನ. ಯಾವುದೋ ಹೊರದೇಶದಾಗ ಎಣ್ಣಿ ಸಿಕ್ಕೈತಂತ, ಕಂಪನಿ ಶೇರು ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲಂತ, ಈಗ ತಗೊಂಡ್ರ ಒಂದಕ್ಕ ಹತ್ತು ಆಗತೈತಂತ. ಪುಸ್ತಕದಾಗ ಬರದದ್ದು ಹಿಂಗ ಐತಿ: ವಿಸ್ತೀರ್ಣ ಸಾವಿರ ಎಕರೆ, ದಪ್ಪ 30 ಅಡಿ, ಪೊರಾಸಿಟಿ 20%, ನೀರು 30%, ಎಫ್‌ವಿಎಫ್ 1.25. ಕೆಳಗ ದೊಡ್ಡ ಅಕ್ಷರದಾಗ "ಒಟ್ಟು 2.6 ಕೋಟಿ ಬ್ಯಾರಲ್ ತೈಲ". ಅದನ್ನ ಬ್ಯಾರಲ್ ರೇಟಿಗೆ ಗುಣಿಸಿ ಒಂದು ಮೊತ್ತ ಹಾಕ್ಯಾರ, ಸೊನ್ನಿ ಎಣಿಸಾಕ ಕಾಕಾ ಕನ್ನಡಕ ತಗೊಂಡ್ರು.

ನೆಲದ ಕೆಳಗ ಎಷ್ಟು ಎಣ್ಣಿ ಐತಿ ಅಂತ ಮ್ಯಾಲೆ ನಿಂತು ಹೆಂಗ ಹೇಳತಾರ? ಈ ಲೆಕ್ಕ ಖರೇನೋ ಸುಳ್ಳೋ? ಸೋಮವಾರ ಏಜೆಂಟ್ ಮತ್ತ ಬರಾಂವ ಅದಾನ.

ಚುರುಮುರಿ_ಹುಬ್ಬಳ್ಳಿ · ಶನಿವಾರ ರಾತ್ರಿ 8:58

ಇದರಾಗೇನೈತಿ ಅಷ್ಟು ತಲಿ ಕೆಡಿಸಿಕೊಳ್ಳಾಕ? ಕೆಳಗ ಎಣ್ಣಿ ಕೆರಿ ಇರತೈತಿ, ನಮ್ಮ ಉಣಕಲ್ ಕೆರಿ ಇದ್ದಂಗ. ಪೈಪ್ ಇಳಿಸಿ ಪಂಪ್ ಹಚ್ಚೋದು. 2.6 ಕೋಟಿ ಇದ್ರ 2.6 ಕೋಟಿ ಬರತೈತಿ. ಕಾಕಾಗ ಹೇಳ್ರಿ, ನನ್ನ ಹೆಸರಿಲೆ ಒಂದು ಶೇರ್ ಹಾಕ್ರಿ ಅಂತ.

ಹಳೇರಿಗ್ · ಶನಿವಾರ ರಾತ್ರಿ 9:47

ಕೆರಿ ಅಲ್ಲೋ ಮಾರಾಯಾ. ಮೂವತ್ತು ವರ್ಷ ಗುಜರಾತಿನ ತೈಲಬಾವಿಗಳ ಮ್ಯಾಲೆ ಕೆಲಸಾ ಮಾಡಿ ಈಗ ಧಾರವಾಡದಾಗ ಕೂತೀನಿ, ಒಂದು ಕೆರಿನೂ ನೋಡಲಿಲ್ಲ. ನಮ್ಮ ರಾಜ್ಯದಾಗ ನಿಜವಾದ ಎಣ್ಣಿ ಗುಹೆ ಇರೋದು ಮಂಗಳೂರು ಮತ್ತ ಪಾದೂರಿನೊಳಗ. ಅದು ಮನುಷ್ಯಾ ಕೊರೆದು, ಹಡಗಿನಿಂದ ತಂದು ತುಂಬಿಟ್ಟ ತುರ್ತು ದಾಸ್ತಾನು.

ನಿಸರ್ಗದ ರಿಸರ್ವಾಯರ್, ಅಂದ್ರ ನೆಲದಾಗ ಎಣ್ಣಿ ಕೂಡಿರೂ ಜಾಗಾ, ಅದು ಕಲ್ಲು. ಒಂದು ಡಬ್ಬಿ ಜ್ವಾಳಾ ತುಂಬಿ ಮ್ಯಾಲಿಂದ ನೀರು ಹೊಯ್ಯಿರಿ. ಡಬ್ಬಿ ತುಂಬೇದ ಅಂತ ಕಾಣತದ, ಆದ್ರೂ ಕಾಳಿನ ಸಂದಿಯೊಳಗ ನೂರಕ್ಕ 35–40 ಪಾಲು ನೀರು ಹಿಡೀತದ. ಆ ಜ್ವಾಳದ ಜಾಗಾಕ್ಕ ಉಸುಕಿನ ಕಣಾ ಇಡ್ರಿ, ಮ್ಯಾಲೆ ಎರಡು ಕಿಲೋಮೀಟರ್ ಮಣ್ಣಿನ ಭಾರಾ ಹೇರಿ ಕೋಟಿಗಟ್ಟಲೆ ವರ್ಷ ಬಿಡ್ರಿ. ಸಂದಿ ಕುಗ್ಗಿ 10–25 ಪಾಲಿಗೆ ಬರತದ. ಅದ ಪೊರಾಸಿಟಿ. ಆ ಸಂದಿಯೊಳಗೂ ಬರೇ ಎಣ್ಣಿ ಇರೂದಿಲ್ಲ, ಹಳೇ ಕಾಲದ ಉಪ್ಪುನೀರು ಕಣಕ್ಕ ಅಂಟಿಕೊಂಡಿರತದ.

ಇನ್ನ ತಮ್ಮಾ, ನಿನ್ನ ಪುಸ್ತಕದ ಲೆಕ್ಕಾ ಮಾಡೂಣು. ಒಂದು ಎಕರೆ ಜಾಗಾದಾಗ ಒಂದಡಿ ಎತ್ತರ ಎಣ್ಣಿ ನಿಲ್ಲಿಸಿದ್ರ 7,758 ಬ್ಯಾರಲ್. ಒಂದು ಬ್ಯಾರಲ್ ಅಂದ್ರ 159 ಲೀಟರ್.

ಸಾವಿರ ಎಕರೆ × 30 ಅಡಿ × 7,758 = 23 ಕೋಟಿ 27 ಲಕ್ಷ. ಇದು ಬರೇ ಕಲ್ಲಿನ ಗಾತ್ರ.
ಅದರಾಗ ಸಂದಿ 20% = 4 ಕೋಟಿ 65 ಲಕ್ಷ.
ನೀರು 30% ಕಳದ್ರ ಎಣ್ಣಿ 70% = 3 ಕೋಟಿ 26 ಲಕ್ಷ.

ಈಗ ಆ ಎಫ್‌ವಿಎಫ್ 1.25. ಕೆಳಗ ಒತ್ತಡ ಭಾಳ, ಎಣ್ಣಿಯೊಳಗ ಗ್ಯಾಸ್ ಕರಗಿರತದ, ಗೋಲಿಸೋಡಾದಾಗ ಇದ್ದಂಗ. ಮ್ಯಾಲೆ ಬಂದು ಗ್ಯಾಸ್ ಬುಸ್ ಅಂತ ಹೋದಮ್ಯಾಲೆ ಎಣ್ಣಿ ಕುಗ್ಗತದ. ಕೆಳಗಿನ ಒಂದೂಕಾಲು ಬ್ಯಾರಲ್ ಟ್ಯಾಂಕಿಗೆ ಬರೂದ್ರಾಗ ಒಂದ ಬ್ಯಾರಲ್. 3.26ನ್ನ 1.25ರಿಂದ ಭಾಗಿಸು.

2 ಕೋಟಿ 60 ಲಕ್ಷ.

ಲೆಕ್ಕದಾಗ ತಪ್ಪಿಲ್ಲ. ಆದ್ರ ನೋಡು, ಈ 2.6 ಕೋಟಿ ನೆಲದಾಗ *ಇರೂದು*. ನೆಲದಿಂದ *ಬರೂದು* ಎಷ್ಟು ಅನ್ನೂ ಸಾಲು ಆ ಪುಸ್ತಕದಾಗ ಎಲ್ಲೂ ಇಲ್ಲಲ್ಲ? ನಿನ್ನ ಏಜೆಂಟ್ ಕಲ್ಲಿನೊಳಗ ಕೂತ ಎಣ್ಣಿಗೆ ಪೇಟಿ ರೇಟ್ ಹಚ್ಯಾನ.

ಗಾಣದಮನಿ_ಗದಗ · ಶನಿವಾರ ರಾತ್ರಿ 10:05

ಅಯ್ಯ ಇದು ನಮ್ಮ ಗಾಣದ ಲೆಕ್ಕನ ಆತಲ್ರಿ! ಕುಸುಬಿಯೊಳಗ ನೂರಕ್ಕ 30ರ ಆಸುಪಾಸು ಎಣ್ಣಿ ಇರತೈತಿ ಅಂತಾರ. ನಮ್ಮ ಗಾಣದಾಗ ಕ್ವಿಂಟಲಿಗೆ 22 ಕೆಜಿ ಬಂದ್ರ ಅಪ್ಪ ಖುಷಿ. ಉಳದದ್ದು ಹಿಂಡಿಯೊಳಗ ಹೋಗತೈತಿ, ಎಮ್ಮಿ ತಿಂತಾವು. ಅದ ಹಿಂಡಿನ ದೊಡ್ಡ ಫ್ಯಾಕ್ಟರಿಯವರು ಒಯ್ದು ದ್ರಾವಕ ಹಾಕಿ ಇನ್ನೂ ಎಣ್ಣಿ ತಗೀತಾರ.

ಹಂಗಾದ್ರ ನೆಲದಾಗ ಹಿಂಡಿ ಎಷ್ಟು ಉಳೀತೈತ್ರಿ?

ಹಳೇರಿಗ್ · ಶನಿವಾರ ರಾತ್ರಿ 10:31

ಹಿಂಡಿನ ಹೆಚ್ಚು ತಮ್ಮಾ! ನಿಮ್ಮ ಗಾಣ ನಮ್ಮ ಬಾವಿಗಿಂತ ಎಷ್ಟೋ ಪಾಡು. ಜಗತ್ತಿನ ಸರಾಸರಿ ತಗೊಂಡ್ರ ಇದ್ದ ಎಣ್ಣಿಯೊಳಗ ನೂರಕ್ಕ 35ರ ಹತ್ತಿರ ಮ್ಯಾಲೆ ಬರತದ. ಇದಕ್ಕ ರಿಕವರಿ ಫ್ಯಾಕ್ಟರ್ ಅಂತೀವಿ, ನಮ್ಮ ಕಸುಬಿನ ಪೂರಾ ಜಗಳಾ ಈ ಒಂದು ಅಂಕಿ ಮ್ಯಾಲ.

ಎಣ್ಣಿನ ಯಾರು ದೂಡತಾರ ಅನ್ನೂದರ ಮ್ಯಾಲೆ ಅದು ನಿಂತದ. ಕರಗಿದ ಗ್ಯಾಸ್ ಉಬ್ಬಿ ದೂಡೂದು ಒಂದ ಬಲ ಇದ್ರ 5ರಿಂದ 30. ಗ್ಯಾಸ್ ಮುಗೀತು, ಬಲ ಮುಗೀತು, ಎಣ್ಣಿ ಅಲ್ಲೇ ಕೂತತು. ಕೆಳಗ ದೊಡ್ಡ ನೀರಿನ ಪದರ ಇದ್ದು ಅದು ಏರಿಕೋತ ಬಂದು ದೂಡಿದ್ರ 35ರಿಂದ 60, ಕೆಲವು ಕಡೆ ಇನ್ನೂ ಮ್ಯಾಲೆ. ಬಲ ಇಲ್ಲದಲ್ಲಿ ನಾವ ನೀರು ಒಳಗ ಹಾಕತೀವಿ.

ನೀರು ಹಾಕಿದ್ರೂ ಎಲ್ಲಾ ಬರೂದಿಲ್ಲ. ನೀರು ಎಣ್ಣಿಗಿಂತ ತೆಳುವು, ಎಣ್ಣಿನ ಹಿಂದ ಬಿಟ್ಟು ಸಂದಿ ಹುಡುಕಿ ಮುಂದ ಓಡತದ. ರಾಜಸ್ಥಾನದ ಬಾಡ್ಮೇರ್ ಹತ್ತಿರ ಮಂಗಳಾ ಅಂತ ಕ್ಷೇತ್ರ, 2004ರಾಗ ಸಿಕ್ಕಿದ್ದು, 2009ರಾಗ ಎಣ್ಣಿ ಶುರು ಆತು. ಅಲ್ಲಿ ನೀರಿಗೆ ಪಾಲಿಮರ್ ಬೆರಸಿ ಗಂಜಿ ಹಂಗ ಮಂದ ಮಾಡಿ ಬಿಡತಾರ, ಓಡಬಾರದು ಅಂತ. ಮೆಹ್ಸಾಣಾ ಕಡೆ ಬಾಲೋಲ್, ಸಂಥಾಲ್ ಕ್ಷೇತ್ರದಾಗ ಎಣ್ಣಿ ಕಾಕಂಬಿ ಹಂಗ ಅದ. ಅಲ್ಲಿ ಗಾಳಿ ಒತ್ತಿ, ನೆಲದೊಳಗಿನ ಸ್ವಲ್ಪ ಎಣ್ಣಿಗೇ ಬೆಂಕಿ ಹಚ್ಚತಾರ. ಆ ಕಾವಿಗೆ ಉಳದದ್ದು ಕರಗಿ ಬಾವಿ ಕಡೆ ಹರೀತದ. ಮೊದಲ ಸಲಾ ಕೇಳಿದಾಗ ನನ್ನ ಹೆಂಡತಿ ನಗಾಡಿದಳು, ಮನಿ ಸುಟ್ಟು ಚಳಿ ಕಾಸಿಕೊಳ್ಳೂದು ಅಂದ್ರ ಇದ ಅಂತ.

ಇಷ್ಟು ಮಾಡಿದ ಮ್ಯಾಲೂ ಸಣ್ಣ ಸಂದಿಯೊಳಗ ಹನಿ ಹನಿಯಾಗಿ ಸಿಕ್ಕಿಬಿದ್ದದ್ದು ಬರೂದಿಲ್ಲ. ಎಣ್ಣಿ ಡಬ್ಬಿ ಬೋರಲು ಹಾಕಿದ್ರೂ ಒಳಗ ಜಿಡ್ಡು ಉಳದಂಗ.

ನಿನ್ನ ಪುಸ್ತಕಕ್ಕ 30% ಹಿಡಿ: 78 ಲಕ್ಷ ಬ್ಯಾರಲ್. ನಮ್ಮ ದೇಶ ದಿನಕ್ಕ 50 ಲಕ್ಷ ಬ್ಯಾರಲ್ಲಿಗಿಂತ ಹೆಚ್ಚು ಸುಡತದ. ಮಂಗಳೂರಿನ ಗುಹೆಯೊಳಗ 15 ಲಕ್ಷ ಟನ್ ಹಿಡೀತದ, ಸುಮಾರು 1 ಕೋಟಿ 10 ಲಕ್ಷ ಬ್ಯಾರಲ್. ಕಾಕಾರ ಇಡೀ ಎಣ್ಣಿ ಕ್ಷೇತ್ರ ಆ ಗುಹೆ ತುಂಬೂದಿಲ್ಲ.

ಚುರುಮುರಿ_ಹುಬ್ಬಳ್ಳಿ · ಶನಿವಾರ ರಾತ್ರಿ 10:36

ನನ್ನ ಶೇರ್ ಕ್ಯಾನ್ಸಲ್ ಮಾಡ್ರಿ.

ಕಲ್ಲುಮಾಸ್ತರ · ಭಾನುವಾರ ಬೆಳಿಗ್ಗೆ 7:20

ಹಳೇರಿಗ್ ಅವರು ಗುಣಾಕಾರ ತೋರಿಸಿದ್ದಾರೆ. ಆ ಐದು ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ನಾನು ಕೇಳುತ್ತೇನೆ. ಭೂವಿಜ್ಞಾನ ಪಾಠ ಮಾಡುವವನ ಚಾಳಿ.

ವಿಸ್ತೀರ್ಣ ಬರುವುದು ಭೂಕಂಪನ ಸಮೀಕ್ಷೆಯಿಂದ. ಮೇಲಿನಿಂದ ಕಂಪನ ಕಳಿಸಿ, ಪದರಗಳಿಗೆ ಬಡಿದು ಮರಳುವ ಅಲೆಗಳನ್ನು ಹಿಡಿಯುತ್ತಾರೆ. ಅದರಿಂದ ಕಲ್ಲಿನ ಆಕಾರ ತಿಳಿಯುತ್ತದೆ. ಒಳಗಿರುವುದು ಎಣ್ಣೆಯೋ ನೀರೋ ಎಂದು ಖಚಿತವಾಗಿ ಹೇಳಲು ಬಾವಿಯೇ ಬೇಕು. ಬಾವಿ ಕೊರೆದ ಮೇಲೆ ಉಪಕರಣಗಳನ್ನು ತಂತಿಗೆ ಕಟ್ಟಿ ಇಳಿಸುತ್ತಾರೆ. ಗಾಮಾ ಕಿರಣದ ಉಪಕರಣ ಜೇಡಿಪದರ ಯಾವುದು, ಮರಳುಗಲ್ಲು ಯಾವುದು ಎಂದು ಬೇರ್ಪಡಿಸುತ್ತದೆ. ಇಲ್ಲೇ ಒಂದು ಮೋಸ ಆಗಬಹುದು. 30 ಅಡಿ ಎಂದರೆ ಮೇಲಿನಿಂದ ಕೆಳಗಿನವರೆಗಿನ ಒಟ್ಟು ದಪ್ಪವೋ, ನಡುವಿನ ಜೇಡಿ ಕಳೆದು ಉಳಿದ ದಪ್ಪವೋ? ಒಟ್ಟು 30 ಇದ್ದು ನಿವ್ವಳ 18 ಇರುವುದು ಅಪರೂಪವೇನಲ್ಲ.

ನೀರಿನ ಪಾಲು ತಿಳಿಯುವ ದಾರಿ ಸೊಗಸಾಗಿದೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಎಣ್ಣೆಯಲ್ಲಿ ಹರಿಯುವುದಿಲ್ಲ. ಕಲ್ಲಿನ ವಿದ್ಯುತ್ ರೋಧ ಅಳೆದರೆ ಸಂದಿಯಲ್ಲಿ ನೀರೆಷ್ಟು ಎಂದು ಲೆಕ್ಕ ಹಾಕಬಹುದು. 1942ರಲ್ಲಿ ಆರ್ಚಿ ಎಂಬ ಎಂಜಿನಿಯರ್ ಕೊಟ್ಟ ಸೂತ್ರ, ಇಂದಿಗೂ ಅದೇ ಬುನಾದಿ. ಆದರೆ ಅಲ್ಲಿನ ನೀರು ಎಷ್ಟು ಉಪ್ಪು ಎಂಬುದು ಮೊದಲೇ ಗೊತ್ತಿರಬೇಕು. ಪೊರಾಸಿಟಿ 20%, ಕಲ್ಲಿನ ರೋಧ 20 ಓಮ್-ಮೀಟರ್, ನೀರಿನ ರೋಧ 0.05 ಎಂದು ಹಿಡಿದರೆ ನೀರು 25% ಬರುತ್ತದೆ. ಅದೇ ನೀರಿನ ರೋಧ 0.1 ಆಗಿದ್ದರೆ ನೀರು 35%. ಉಪ್ಪಿನ ಅಂದಾಜು ತಪ್ಪಿತು, ನೂರಕ್ಕೆ ಹತ್ತು ಪಾಲು ಎಣ್ಣೆ ಕಾಗದದಿಂದ ಮಾಯ.

ಗಾಣದಮನಿಯವರೇ, ಆ ಪುಸ್ತಕದಲ್ಲಿ ಎಷ್ಟು ಬಾವಿ ಕೊರೆದಿದ್ದಾರೆ ಎಂದಿದೆಯೇ?

ಗಾಣದಮನಿ_ಗದಗ · ಭಾನುವಾರ ಬೆಳಿಗ್ಗೆ 8:02

ಹುಡುಕಿ ನೋಡಿದ್ಯಾರಿ. ಕಡೀ ಪುಟದಾಗ ಇರಿವಿ ಅಕ್ಷರದಾಗ "ಒಂದು ಬಾವಿ, ಆರು ತಾಸಿನ ಪರೀಕ್ಷೆ" ಅಂತ ಐತಿ.

ಕಲ್ಲುಮಾಸ್ತರ · ಭಾನುವಾರ ಬೆಳಿಗ್ಗೆ 8:10

ಹಾಗಾದರೆ ಸಾವಿರ ಎಕರೆಯನ್ನು ಅಂಗೈ ಅಗಲದ ಒಂದು ತೂತಿನ ಮೇಲೆ ಅಳೆದಿದ್ದಾರೆ.

ಅಂಕಿಸಂಖ್ಯೆ · ಭಾನುವಾರ ಬೆಳಿಗ್ಗೆ 10:45

ನಾ ಎಣ್ಣಿ ಮಂದಿ ಅಲ್ಲ, ವಿದ್ಯಾನಗರದಾಗ ಕೂತು ಡೇಟಾ ಕೆಲಸಾ ಮಾಡಾಂವ. ಆದ್ರ ಈ ಲೆಕ್ಕಕ್ಕ ಒಂದ ಉತ್ತರ ಅನ್ನೋದ ತಪ್ಪು.

ಒಂದು ಬಾವಿ ಅಂದಮ್ಯಾಲೆ ಪ್ರತಿ ಅಂಕಿಗೂ ಕೆಳಗಿನ ತುದಿ, ಮ್ಯಾಲಿನ ತುದಿ ಇರಬೇಕು. 800 ಎಕರೆ, 22 ಅಡಿ, 17%, ಎಣ್ಣಿ 62%, 1.3, ರಿಕವರಿ 20% ಅಂತ ಹಾಕಿದ್ಯಾ: 22 ಲಕ್ಷ ಬ್ಯಾರಲ್. 1,200 ಎಕರೆ, 38 ಅಡಿ, 23%, 75%, 1.2, ರಿಕವರಿ 40% ಹಾಕಿದ್ಯಾ: 2 ಕೋಟಿ 3 ಲಕ್ಷ. ಯಾವ ಅಂಕಿನೂ ಹುಚ್ಚುಚ್ಚಾರ ಬದಲಿಸಿಲ್ಲ, ಅಲ್ಲೀಷ್ಟು ಇಲ್ಲೀಷ್ಟು. ಆದ್ರೂ ಉತ್ತರದಾಗ ಒಂಬತ್ತು ಪಟ್ಟು ವ್ಯತ್ಯಾಸ. ಗುಣಾಕಾರದ ಗುಣ ಅದು. ಆರೂ ಕಡೆ ಚೂರು ಚೂರು ಜಗ್ಗಿದ್ರ ಸಾಕು.

ಹಳೇರಿಗ್ · ಭಾನುವಾರ ಮಧ್ಯಾಹ್ನ 12:15

ಛಲೋ ಮಾಡಿದಿ. ಆದ್ರ ಒಂದು ತಿದ್ದುಪಡಿ. ಆರೂ ಅಂಕಿ ಒಮ್ಮೆಲೆ ಕೆಳಗ ಬೀಳೂದು, ಒಮ್ಮೆಲೆ ಮ್ಯಾಲೆ ಏರೂದು ಭಾಳ ವಿರಳ. ಹಬ್ಬಕ್ಕ ಬಂದ ಆರೂ ಅಳಿಯಂದ್ರು ಒಂದ ದಿನಾ ಸಿಟ್ಟಾಗೂದು ಎಲ್ಲಿ ಸಾಧ್ಯ? ಅದಕ್ಕ ಕಂಪ್ಯೂಟರಿನಾಗ ಪ್ರತಿ ಅಂಕಿನೂ ಅದರ ಮಿತಿಯೊಳಗ ಲಾಟರಿ ಎತ್ತಿದಂಗ ಎತ್ತಿ ಸಾವಿರಾರು ಸಲಾ ಗುಣಿಸತಾರ, ಮಾಂಟೆ ಕಾರ್ಲೊ ಅಂತಾರ. ಬಂದ ಉತ್ತರಾ ಸಾಲಾಗಿ ಜೋಡಿಸಿದ್ರ, ನೂರರಾಗ ತೊಂಬತ್ತು ಸಲಾ ಇದಕ್ಕಿಂತ ಕಮ್ಮಿ ಆಗೂದಿಲ್ಲ ಅನ್ನೂ ಅಂಕಿ ಪಿ90. ಅರ್ಧಕ್ಕರ್ಧಾ ಸಲಾ ದಾಟೂದು ಪಿ50. ಹತ್ತ ಸಲಾ ಮಾತ್ರ ದಾಟೂದು ಪಿ10. ಬ್ಯಾಂಕಿನವರು ಪಿ90 ಕೇಳತಾರ. ಶೇರು ಮಾರಾಂವ ಪಿ10 ತೋರಸತಾನ. ನಿಮ್ಮ ಏಜೆಂಟ್ ಪಿ10ನ್ನೂ ದಾಟಿ ಹೋಗ್ಯಾನ.

ನನ್ನದ ಒಂದು ಹೇಳಲೇನು? ಕೆಲಸಕ್ಕ ಸೇರಿದ ಹೊಸದಾಗ ಒಂದು ಸಣ್ಣ ರಚನೆಯ ಅಂದಾಜು ನನ್ನ ಪಾಲಿಗೆ ಬಂತು. ಮೊದಲನೇ ಬಾವಿಯೊಳಗ ಪದರದ ತಳದ ತನಕ ಎಣ್ಣಿ ಇತ್ತು. ಎಣ್ಣಿ ಎಲ್ಲಿ ಮುಗೀತದ, ನೀರು ಎಲ್ಲಿ ಶುರು ಆಗ್ತದ ಅನ್ನೂ ಗೆರಿ ಬಾವಿಯೊಳಗ ಕಾಣಲೇ ಇಲ್ಲ. ನಾ ಹುರುಪಿಲೆ ಆ ಗೆರಿ ಇನ್ನೂ ಆಳಕ್ಕ ಎಳದೆ, ನಕಾಶೆದಾಗ ಎಕರೆ ತಾನ ಹಿಗ್ಗಿತು. ಇಳಿಜಾರಿನಾಗ ಎರಡನೇ ಬಾವಿ ಹಾಕಿದ್ರು. ಬರೇ ಉಪ್ಪುನೀರು. ಒಂದ ರಾತ್ರಿಯೊಳಗ ನನ್ನ ಎಣ್ಣಿ ಅರ್ಧಕ್ಕ ಇಳೀತು. ನನ್ನ ಮ್ಯಾಲಿನ ಸಾಹೇಬ್ರು ಬೈಯಲಿಲ್ಲ, ನಕಾಶೆ ಮ್ಯಾಲೆ ಆ ಬಾವಿಗೆ ನನ್ನ ಹೆಸರು ಬರದು ಗ್ವಾಡಿಗೆ ಹಚ್ಚಿದ್ರು. ನಾ ವರ್ಗ ಆಗೂ ತನಕ ಅದು ಅಲ್ಲೇ ಇತ್ತು.

ಬ್ಯಾಡಗಿಮೆಣಸು · ಭಾನುವಾರ ಸಂಜೆ 4:30

ಅಣ್ಣಾರ, ಬಾವಿ ನಡದಮ್ಯಾಲಾದ್ರೂ ಗೊತ್ತಾಗತೈತೇನ್ರಿ? ನಮ್ಮ ಬೋರು ಮೊದಲ ವರ್ಷ ಮೂರಿಂಚು ಹೊಡೀತಿತ್ತು, ಮುಂದಿನ ವರ್ಷ ಎರಡು, ಈಗ ಒಂದೂ ಇಲ್ಲ. ಇನ್ನೆಷ್ಟು ದಿನಾ ಅಂತ ನಾವೂ ಅಂದಾಜು ಹಾಕತೇವಿ. ಗ್ಯಾಸ್ ಸಿಲಿಂಡರಿನಾಗ ಒತ್ತಡ ನೋಡಿ ಎಷ್ಟು ಉಳದೈತಿ ಅಂತ ಹೇಳಿದಂಗ ಹೇಳಾಕ ಬರೂದಿಲ್ಲೇನು?

ಇನ್ನೊಂದು. ಹಾವೇರಿ ಹತ್ರ ನಮ್ಮ ಮಾವನ ಹೊಲದಾಗ ತೆರೆದ ಬಾವಿ ಐತಿ. ಅದರ ನೀರಿನ ಮ್ಯಾಲೆ ಕಾಮನಬಿಲ್ಲಿನಂಗ ಬಣ್ಣದ ಪದರ ಬರತೈತಿ. ಮಾವಗ ಖಾತ್ರಿ, ಕೆಳಗ ಪೆಟ್ರೋಲ್ ಐತಿ ಅಂತ.

ಹಳೇರಿಗ್ · ಭಾನುವಾರ ಸಂಜೆ 6:05

ಬೋರಿನ ಲೆಕ್ಕಾನ ನಮ್ಮ ಲೆಕ್ಕಾ. 1945ರಾಗ ಆರ್ಪ್ಸ್ ಅನ್ನಾಂವ ಅದನ್ನ ಸೂತ್ರಕ್ಕ ತಂದಾ. ಒಂದು ಬಾವಿ ದಿನಕ್ಕ 200 ಬ್ಯಾರಲ್ ಕೊಡತಿತ್ತು, ವರ್ಷದ ಮ್ಯಾಲೆ 160ಕ್ಕ ಬಂತು ಅನ್ರಿ. ಪ್ರತಿ ವರ್ಷಾ ಹಿಂದಿನ ವರ್ಷದ ನೂರಕ್ಕ 80 ಉಳೀತದ ಅಂತ ಹಿಡದ್ರ, ದಿನಕ್ಕ 20 ಬ್ಯಾರಲ್ಲಿಗೆ ಇಳಿಯೂ ತನಕ ಒಂಬತ್ತು ವರ್ಷದ ಮ್ಯಾಲೆ ಚೂರು ನಡೀತದ, ಅಷ್ಟರಾಗ ಇನ್ನೂ 2 ಲಕ್ಷ 29 ಸಾವಿರ ಬ್ಯಾರಲ್ ಬರತದ.

20 ಯಾಕ? ಅದಕ್ಕಿಂತ ಕೆಳಗ ಪಂಪು, ಕರೆಂಟು, ನೀರು ಬೇರ್ಪಡಿಸೂ ಖರ್ಚು ಹುಟ್ಟೂದಿಲ್ಲ. ಎಣ್ಣಿ ರೇಟು ಬಿದ್ದು 40 ಬ್ಯಾರಲ್ಲಿಗೇ ಬಾವಿ ಮುಚ್ಚಬೇಕಾತು ಅನ್ರಿ. ಆಗ 1 ಲಕ್ಷ 96 ಸಾವಿರ. ನೆಲದಾಗಿನ ಎಣ್ಣಿ ಒಂದು ಹನಿನೂ ಬದಲಾಗಿಲ್ಲ, ಪೇಟಿ ರೇಟು ಬದಲಾತು, 33 ಸಾವಿರ ಬ್ಯಾರಲ್ ಲೆಕ್ಕದಿಂದ ಹೊರಗ ಹೋತು. ಅದಕ್ಕ "ತೆಗೆಯಬಹುದಾದ ಎಣ್ಣಿ" ಅನ್ನೂದು ಕಲ್ಲಿನ ಗುಣ ಅಷ್ಟ ಅಲ್ಲ.

ಸಿಲಿಂಡರಿನ ಮಾತು ಮಾತ್ರ ತಪ್ಪು. ಅಡಗಿಮನಿ ಸಿಲಿಂಡರಿನಾಗ ಗ್ಯಾಸ್ ದ್ರವ ಆಗಿರತದ, ಕಡೀ ಹನಿ ಮುಗಿಯೂ ತನಕ ಒತ್ತಡ ಹೆಚ್ಚುಕಡಿಮಿ ಅಷ್ಟ ಇರತದ. ಅದಕ್ಕ ನಮ್ಮ ಮನಿಯಾಗ ಎತ್ತಿ ನೋಡತಾರ. ಸಿಎನ್‌ಜಿ ಆಟೋ ಹೋಲಿಕಿ ಪಾಡು. 200 ಇದ್ದ ಒತ್ತಡ ಒಂದು ಕೆಜಿ ಸುಟ್ಟಮ್ಯಾಲೆ 180ಕ್ಕ ಬಂದ್ರ ಮೊದಲು ಹತ್ತ ಕೆಜಿ ಇತ್ತು ಅಂತ ಅಂದಾಜು ಹಾಕಬಹುದು. ರಿಸರ್ವಾಯರಿಗೂ ಹಂಗ: ಎಷ್ಟು ತಗದೀವಿ, ಒತ್ತಡ ಎಷ್ಟು ಇಳೀತು, ಇವೆರಡರಿಂದ ಒಳಗ ಮೊದಲು ಎಷ್ಟಿತ್ತು ಅಂತ ತೂಗತೀವಿ. 1936ರಿಂದ ಈ ಪದ್ಧತಿ ಅದ, ಮಟೀರಿಯಲ್ ಬ್ಯಾಲೆನ್ಸ್ ಅಂತಾರ. ಇದರಾಗ ಒಂದು ಮುಳ್ಳು ಅದ. ಕೆಳಗಿಂದ ನೀರು ಏರಿ ಬಂದು ಖಾಲಿ ಜಾಗಾ ತುಂಬಿದ್ರ ಒತ್ತಡ ಇಳಿಯೂದಿಲ್ಲ. ನಾವು "ಆಹಾ, ಎಷ್ಟು ತಗದ್ರೂ ಕಮ್ಮಿ ಆಗವಲ್ತು, ಒಳಗ ಸಮುದ್ರನ ಅದ" ಅಂತ ಮೋಸಹೋಗತೀವಿ. ಆಮ್ಯಾಲ ಒಂದು ದಿನ ಬಾವಿಯೊಳಗ ನೀರು ಬರತದ.

ಕಲ್ಲುಮಾಸ್ತರ · ಭಾನುವಾರ ರಾತ್ರಿ 8:15

ಬ್ಯಾಡಗಿಯವರಿಗೆ: ಮಾವನವರಿಗೆ ಒಂದು ಕಡ್ಡಿ ಕೊಡಿ. ಬಣ್ಣದ ಪದರವನ್ನು ಕಡ್ಡಿಯಿಂದ ಕದಡಲಿ. ಹಪ್ಪಳದಂತೆ ತುಂಡುತುಂಡಾಗಿ ಒಡೆದು ಹಾಗೆಯೇ ತೇಲಿದರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪೊರೆ. ಸುಳಿದು ಮತ್ತೆ ಕೂಡಿಕೊಂಡರೆ ಎಣ್ಣೆಯ ಅಂಶ, ಅದೂ ಬಹುಶಃ ಪಂಪ್‌ಸೆಟ್ಟಿನ ಡೀಸೆಲ್.

ನಮ್ಮ ಕೆಳಗೆ ಕಚ್ಚಾ ಎಣ್ಣೆ ಯಾಕಿಲ್ಲ ಎಂದರೆ, ಎಣ್ಣೆ ಹುಟ್ಟುವುದು ಪ್ರಾಚೀನ ಜಲಚರಗಳ ಅವಶೇಷ ಸೇರಿದ ಕೆಸರಿನಲ್ಲಿ. ಅದು ಆಳಕ್ಕೆ ಹೂತು ಹೆಚ್ಚುಕಡಿಮೆ 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖ, ಒತ್ತಡಕ್ಕೆ ಸಿಕ್ಕಿ ರೂಪಾಂತರ ಹೊಂದಿವೆ. ಗದಗದ ಕಪ್ಪತಗುಡ್ಡದಲ್ಲಿ ಚಿನ್ನ, ಕಬ್ಬಿಣದ ಅದಿರು ಇದೆ ಎಂದರೆ ನಂಬುತ್ತೇನೆ, ಎಣ್ಣೆ ಎಂದರೆ ನಂಬುವುದಿಲ್ಲ. ವಿಯೆಟ್ನಾಮಿನಲ್ಲಿ ಗ್ರಾನೈಟಿನಿಂದಲೇ ಎಣ್ಣೆ ತೆಗೆಯುತ್ತಾರಲ್ಲ ಎಂದು ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ, ಅಲ್ಲಿ ಗ್ರಾನೈಟಿನ ಬಿರುಕಿಗೆ ಎಣ್ಣೆ ಬಂದದ್ದು ಪಕ್ಕದ ಕೆಸರುಪದರದಿಂದ.

ಅಂಕಿಸಂಖ್ಯೆ · ಭಾನುವಾರ ರಾತ್ರಿ 9:00

ದೊಡ್ಡವರೂ ಎಡವತಾರ ಅನ್ನಾಕ ಎರಡು ಉದಾಹರಣೆ. 2004ರಾಗ ಶೆಲ್ ಎಣ್ಣಿ ಕಂಪನಿ ತನ್ನ ಖಚಿತ ನಿಕ್ಷೇಪದಾಗ ಐದನೇ ಒಂದು ಭಾಗ, 390 ಕೋಟಿ ಬ್ಯಾರಲ್, ಆ ಪಟ್ಟಿಯಿಂದ ತಗದುಹಾಕಿತು. ಎಣ್ಣಿ ಆವಿ ಆಗಿರಲಿಲ್ಲ, "ಖಚಿತ" ಅನ್ನೋ ಮಾತಿಗೆ ಅದು ತೂಗಿರಲಿಲ್ಲ. ನಮ್ಮಲ್ಲೇ ಆಂಧ್ರದ ಕಡಲಿನ ಕೆಜಿ-ಡಿ6 ಗ್ಯಾಸ್ 2009ರಾಗ ಶುರು ಆಗಿ 2010ರಾಗ ದಿನಕ್ಕ 6 ಕೋಟಿ ಘನ ಮೀಟರ್ ಮುಟ್ಟಿತ್ತು. ಮೂರ್ನಾಕು ವರ್ಷದಾಗ ಅದರ ಕಾಲು ಭಾಗಕ್ಕಿಂತ ಕೆಳಗ ಬಂತು. ಯಾಕ ಅನ್ನೋದರ ಮ್ಯಾಲೆ ಸರಕಾರ, ಕಂಪನಿ ವರ್ಷಗಟ್ಟಲೆ ಜಗಳಾಡಿದ್ರು.

ಹಳೇರಿಗ್ · ಭಾನುವಾರ ರಾತ್ರಿ 9:20

ಇನ್ನೊಂದು ತುದಿನೂ ಹೇಳಬೇಕಪಾ, ಇಲ್ಲಂದ್ರ ನಮ್ಮ ಕಸುಬಿಗೆ ಅನ್ಯಾಯ. ಮುಂಬೈ ಕಡಲಿನ ಬಾಂಬೆ ಹೈ ಎಣ್ಣಿ ಕ್ಷೇತ್ರ 1974ರಾಗ ಸಿಕ್ಕಿತು, 1976ರಾಗ ಎಣ್ಣಿ ಕೊಡಾಕ ಹತ್ತಿತು, ಇವತ್ತಿಗೂ ಕೊಡಲಿಕ್ಕೆ ಹತ್ತೇದ. ಹೊಸಾ ಬಾವಿ, ನೀರು ಒತ್ತೂದು, ಹಳೇ ಬಾವಿಯಿಂದ ಅಡ್ಡ ಕೊರಿಯೂದು, ಹಿಂಗ ಮಾಡಿಕೋತ ಮಾಡಿಕೋತ ಅಂಕಿ ಮ್ಯಾಲೂ ಏರತದ.

ತಮ್ಮಾ, ನಾಳೆ ಏಜೆಂಟ್ ಬಂದ್ರ ಜಗಳಾ ಮಾಡಬ್ಯಾಡ. 2.6 ಕೋಟಿ ನೆಲದಾಗ ಇರೂದೋ ಹೊರಗ ಬರೂದೋ ಕೇಳು. 30 ಅಡಿ ನಿವ್ವಳನೋ ಒಟ್ಟೋ ಕೇಳು. ನೀರಿನ ಗೆರಿ ಬಾವಿಯೊಳಗ ಕಂಡಾರೋ, ಎಳದಾರೋ ಕೇಳು. ಕಡೀದು ಕೇಳೂವಾಗ ನನ್ನ ನೆನಸಿಕೋ.

ಗಾಣದಮನಿ_ಗದಗ · ಸೋಮವಾರ ಸಂಜೆ 7:10

ಬಂದಿದ್ದಾರಿ. ನಾ ಬಾಯಿ ತಗಿಯೂದ್ರಾಗ ಕಾಕಾನ ಕೇಳಿದ್ರು, "ಇದರಾಗ ಹಿಂಡಿ ಎಷ್ಟು ಕಳದೀರಿ?" ಅಂತ. ಏಜೆಂಟಗ ತಿಳೀಲಿಲ್ಲ. ನಾ ರಿಕವರಿ ಫ್ಯಾಕ್ಟರ್ ಅಂದ್ಯಾ. ಅದಕ್ಕ ಅಂವ, ಅದು ನೂರಕ್ಕ ನೂರು ಅನ್ರಿ, ಹೊಸಾ ಟೆಕ್ನಾಲಜಿ ಅದ ಅಂದಾ. ಗಾಣದವರ ಮನಿಯಾಗ ಕೂತು ನೂರಕ್ಕ ನೂರು ಎಣ್ಣಿ ಅಂತಾನ! ಅಪ್ಪ ಎದ್ದು ಹೊರಗ ಹೋಗಿ ನಕ್ಕು ಬಂದ್ರು. ಚಾ ಕುಡಿಸಿ ಕಳಿಸಿದ್ವಿ. ರೊಕ್ಕ ಸದ್ಯಕ್ಕ ಬ್ಯಾಂಕಿನಾಗ ಐತಿ, ಕಾಕಾ ಈಗ ಹೊಸಾ ಎಕ್ಸ್‌ಪೆಲ್ಲರ್ ಮಶೀನ್ ರೇಟು ಕೇಳಾಕ ಹತ್ಯಾರ.

ಬ್ಯಾಡಗಿಮೆಣಸು · ಸೋಮವಾರ ರಾತ್ರಿ 8:25

ಮಾಸ್ತರ್ರಿಗೆ ಶರಣ್ರಿ. ಕಡ್ಡಿ ಆಡಿಸಿ ನೋಡಿದ್ವಿ, ಪದರ ಹಪ್ಪಳ ಮುರದಂಗ ಮುರೀತು, ತುಂಡು ಕೂಡಲೇ ಇಲ್ಲ. ಮಾವ ಐದು ನಿಮಿಷ ಸುಮ್ನ ನಿಂತ್ರು. ಆಮ್ಯಾಲ ಆ ನೀರನ್ನ ಒಂದು ಬಾಟಲಿಗೆ ತುಂಬಿ, ಬಿರಡಿ ಹಾಕಿ ಪಡಸಾಲಿಯ ಮಾಡದಾಗ ಇಟ್ಟಾರ. ಕಡ್ಡಿ ಒಳ್ಳೇದು ಇರಲಿಲ್ಲ ಅಂತಾರ.